ಬಯಸದೆ ಬಂದ ಯಜಮಾನಿಕೆ: ಬೆಳೆಯುತ್ತಿರುವ ವ್ಯವಹಾರದ ಒತ್ತಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ ತಾಲ್ಲೂಕಿನಲ್ಲಿ ನಮ್ಮ ಮನೆಯವರದೊಂದು ಅಪ್ಪೆಮಿಡಿ (ಎಳೆಯ ಮಾವಿನಕಾಯಿ) ಉಪ್ಪಿನಕಾಯಿ ತಯಾರಿಸುವ ಘಟಕವಿದೆ. ಅದನ್ನು ಕಟ್ಟಿ ಬೆಳೆಸಿದವರು ನನ್ನ ಭಾವ, ಅಂದರೆ ನನ್ನ ಗಂಡನ ಅಣ್ಣ. ನಾನು ಸಂಜೆ ಹೊತ್ತು ಕುಳಿತು ಲೆಕ್ಕ ಬರೆದುಕೊಡುತ್ತಿದ್ದೆ, ಅಷ್ಟೆ. ಅವರಿಗೆ ಪಾರ್ಶ್ವವಾಯು ಬಡಿದ ವಾರದಲ್ಲೇ ಬೀಗದಕೈ ಗೊಂಚಲು, ಚೆಕ್ ಪುಸ್ತಕ ಮತ್ತು 8 ಜನರ ಬಟವಾಡೆ ನನ್ನ ಕೈಗೆ ಬಂದವು. ಈಗ ಅಲ್ಲಿ 23 ಜನ ದುಡಿಯುತ್ತಾರೆ. ತೀರ್ಥಹಳ್ಳಿಯಲ್ಲಿ ಹೋಂಸ್ಟೇ ನಡೆಸುವವರು, ಹೊಸನಗರದ ಕಡೆ ಹಾಳೆ ತಟ್ಟೆ ಮಾಡುವವರು, ಶಿವಮೊಗ್ಗದಲ್ಲಿ ತಂದೆಯ ಎರಕದ ಕಾರ್ಖಾನೆಗೆ ಬಂದು ಕುಳಿತ ಮಗ, ಹೀಗೆ ನನ್ನಂತೆಯೇ ಬಯಸದೆ ಯಜಮಾನಿಕೆಗೆ ಬಂದವರು ಸಿಕ್ಕಾಗಲೆಲ್ಲ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಾನು ವೈದ್ಯಳಲ್ಲ. ಆರೋಗ್ಯದ ಕುರಿತು ಹೇಳಿರುವುದು ನನಗೆ ಚಿಕಿತ್ಸೆ ಕೊಟ್ಟ ವೈದ್ಯರಿಂದ ಕಲಿತದ್ದು.

ನನಗೆ ಮುಂದಾಳಾಗುವ ಆಸೆಯೇ ಇರಲಿಲ್ಲ. ಇಂಥ ಮನಸ್ಸಿನವರು ವ್ಯವಹಾರ ನಡೆಸಬಹುದೇ?

ನಡೆಸಬಹುದು. ಒಲ್ಲದ ಮನಸ್ಸು ಬಹುಪಾಲು ಹೊಣೆಯ ತೂಕ ಗೊತ್ತಿರುವುದರಿಂದ ಬರುತ್ತದೆ, ಮತ್ತು ತೂಕ ಗೊತ್ತಿರುವವರು ಸಾಲಕ್ಕೆ ಸಹಿ ಹಾಕುವ ಮುನ್ನ ಎರಡು ಸಲ ಓದುತ್ತಾರೆ. ತೊಂದರೆ ಇರುವುದು ಬೇರೆಡೆ. "ನಾನು ತಾತ್ಕಾಲಿಕವಾಗಿ ಮಾತ್ರ ನೋಡಿಕೊಳ್ಳುತ್ತಿದ್ದೇನೆ" ಎಂದು ಒಳಗೊಳಗೇ ಹೇಳಿಕೊಳ್ಳುತ್ತ ವರ್ಷಗಳನ್ನು ಕಳೆಯುವವರು ದೊಡ್ಡ ತೀರ್ಮಾನಗಳನ್ನೆಲ್ಲ ಮುಂದೂಡುತ್ತಾರೆ, ಸಣ್ಣ ಕೆಲಸಗಳನ್ನೆಲ್ಲ ತಾವೇ ಮಾಡುತ್ತಾರೆ. ನಾನು 14 ತಿಂಗಳು ಹಾಗೆಯೇ ಕಳೆದೆ.

ಕೆಲಸ ಹೆಚ್ಚಾದದ್ದರಿಂದಲೇ ಅಲ್ಲವೇ ಒತ್ತಡ? ಒಂದಿಬ್ಬರನ್ನು ಸೇರಿಸಿಕೊಂಡರೆ ಸರಿಹೋಗುವುದಿಲ್ಲವೇ?

ನಾನೂ ಹಾಗೆಂದೇ ತಿಳಿದಿದ್ದೆ. ಇಬ್ಬರನ್ನು ಸೇರಿಸಿಕೊಂಡೆ, ಒತ್ತಡ ಹೆಚ್ಚಾಯಿತು, ಏಕೆಂದರೆ ಇನ್ನಿಬ್ಬರ ಸಂಬಳವೂ ತಲೆಯ ಮೇಲೆ ಬಂತು.

ನಮ್ಮ ಉದ್ಯಮದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕೆಲವೇ ವಾರಗಳಲ್ಲಿ ಇಡೀ ವರ್ಷಕ್ಕೆ ಬೇಕಾಗುವ ಮಿಡಿಯನ್ನು ಕೊಂಡು ಉಪ್ಪಿಗೆ ಹಾಕಿಕೊಳ್ಳಬೇಕು. ಮಿಡಿ ಒಂದು ವರ್ಷ ಚೆನ್ನಾಗಿ ಹಿಡಿದರೆ ಮರುವರ್ಷ ಕೈಕೊಡುವುದುಂಟು. ಕಡಿಮೆ ಕೊಂಡರೆ ದಸರೆಯ ಹೊತ್ತಿಗೆ ಡ್ರಮ್ಮುಗಳು ಖಾಲಿ. ಹೆಚ್ಚು ಕೊಂಡರೆ ಬ್ಯಾಂಕಿನ ಬಡ್ಡಿ ಮಳೆಗಾಲವಿಡೀ ಏರುತ್ತಲೇ ಇರುತ್ತದೆ. ಮೊದಲ ವರ್ಷ ಆ ವಾರಗಳಲ್ಲಿ ನಾನು ದಿನಕ್ಕೆ 14 ಗಂಟೆ ನಿಂತು, ಮಿಡಿ ಆರಿಸಿ, ತೊಟ್ಟು ಮುರಿದು, ಸೊನೆಯಿಂದ ಕೈ ಸುಟ್ಟುಕೊಂಡು ಕೆಲಸ ಮಾಡಿದೆ. ಆ ರಾತ್ರಿಗಳಲ್ಲಿ ನಿದ್ದೆ ಚೆನ್ನಾಗಿಯೇ ಬಂತು. ನಿದ್ದೆ ಬಾರದಿದ್ದದ್ದು ಅದಕ್ಕೂ ಹಿಂದಿನ ತಿಂಗಳು, ಕೈಗೆ ಕೆಲಸವೇ ಇಲ್ಲದ ದಿನಗಳಲ್ಲಿ, ಎಷ್ಟು ಸಾವಿರ ಮಿಡಿ ಕೊಳ್ಳಬೇಕೆಂಬುದನ್ನು ಯಾರು ತೀರ್ಮಾನಿಸಬೇಕು ಎಂಬುದು ತಿಳಿಯದೆ ಇದ್ದಾಗ. ಭಾವನವರನ್ನು ಕೇಳಿದರೆ ಅವರಿಗೆ ಆಯಾಸ; ಕೇಳದಿದ್ದರೆ ಅತ್ತೆಯವರಿಗೆ ಬೇಸರ; ಗಂಡನನ್ನು ಕೇಳಿದರೆ "ನಿನಗೆ ಸರಿ ಕಂಡಂತೆ ಮಾಡು" ಎಂಬ ಉತ್ತರ, ನಷ್ಟವಾದರೆ "ಒಂದು ಮಾತು ಕೇಳಬಹುದಿತ್ತು" ಎಂಬ ಮಾತು.

1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ಸಮಾಜವಿಜ್ಞಾನಿ ಉದ್ಯೋಗದ ಒತ್ತಡವನ್ನು ಅಳೆಯಲು ಒಂದು ಮಾದರಿಯನ್ನು ಮುಂದಿಟ್ಟರು. ಕೆಲಸದ ಬೇಡಿಕೆ ಹೆಚ್ಚಿದ್ದು, ಆ ಕೆಲಸದ ಮೇಲೆ ತೀರ್ಮಾನ ಮಾಡುವ ಅಧಿಕಾರ ಕಡಿಮೆ ಇರುವ ಕಡೆ ಮನಸ್ಸು ಮತ್ತು ದೇಹ ಹೆಚ್ಚು ಬಳಲುತ್ತವೆ ಎಂಬುದು ಅದರ ತಿರುಳು. ಅವರು ನೋಡಿದ್ದು ಸಂಬಳಕ್ಕೆ ದುಡಿಯುವವರನ್ನು. ಆದರೆ ನಮ್ಮ ಕಡೆಯ ಮನೆತನದ ವ್ಯವಹಾರಗಳಲ್ಲಿ ಬಯಸದೆ ಯಜಮಾನಿಕೆಗೆ ಬಂದವರ ಸ್ಥಿತಿ ಇದೇ ಎಂದು ನನಗೆ ಅನ್ನಿಸುತ್ತದೆ: ಹೊಣೆ ಪೂರ್ತಿ, ಅಧಿಕಾರ ಅರ್ಧ, ಆ ಅರ್ಧದ ಗಡಿ ಎಲ್ಲಿದೆ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದ್ದರಿಂದ ಜನರನ್ನು ಸೇರಿಸುವ ಮುನ್ನ ಈ ಗಡಿಯನ್ನು ಗೊತ್ತುಮಾಡಿಕೊಳ್ಳಿ ಎಂಬುದೇ ನನ್ನ ಮೊದಲ ಸಲಹೆ.

ಆ ಗಡಿಯನ್ನು ಗೊತ್ತುಮಾಡಿಕೊಳ್ಳುವುದು ಹೇಗೆ? ಮನೆಯವರ ಮುಂದೆ ಕಾಗದ ಪತ್ರ ಎಂದರೆ ಅಪನಂಬಿಕೆಯಂತೆ ಕಾಣುವುದಿಲ್ಲವೇ?

ಕಾಣುತ್ತದೆ ಎಂಬ ಅಂಜಿಕೆಯಿಂದಲೇ ನಾನು ತಡಮಾಡಿದೆ. ಕೊನೆಗೆ ಒಂದು ಭಾನುವಾರ ಭಾವನವರ ಮಂಚದ ಪಕ್ಕದಲ್ಲೇ ಎಲ್ಲರೂ ಕುಳಿತು ಒಂದು ಪುಟ ಬರೆದೆವು. ಹೆಚ್ಚು ಸಮಾಧಾನ ಪಟ್ಟವರು ಭಾವನವರೇ. ತಮ್ಮನ್ನು ಕೇಳದೆ ಏನೇನು ನಡೆಯುತ್ತಿದೆಯೋ ಎಂದು ಅವರೂ ಅಷ್ಟು ದಿನ ಒಳಗೇ ಕೊರಗುತ್ತಿದ್ದರು.

ಆ ಪುಟದಲ್ಲಿ ನಾವು ಮೊದಲು ಬರೆದದ್ದು ಅವಧಿಯನ್ನು: ಎರಡು ಮಿಡಿ ಹಂಗಾಮು ಮುಗಿಯುವವರೆಗೆ ನಾನು ನಡೆಸುತ್ತೇನೆ, ಆಮೇಲೆ ಮತ್ತೆ ಕುಳಿತು ಮಾತಾಡುತ್ತೇವೆ. ಮುಗಿಯುವ ದಿನ ಕಣ್ಣಿಗೆ ಕಂಡರೆ ಹೊರೆ ಹೊರುವುದು ಸುಲಭ. ಎರಡನೆಯದು ಹಣದ ಮಿತಿ. ಇಂತಿಷ್ಟು ರೂಪಾಯಿಯವರೆಗಿನ ಖರೀದಿ, ದುರಸ್ತಿ, ಮುಂಗಡಗಳನ್ನು ನಾನೊಬ್ಬಳೇ ತೀರ್ಮಾನಿಸುತ್ತೇನೆ, ಅದನ್ನು ಆಮೇಲೆ ಯಾರೂ ಕೆದಕುವಂತಿಲ್ಲ. ಅದಕ್ಕೆ ಮೀರಿದ್ದು, ಹೊಸ ಸಾಲ ಮತ್ತು ಜಮೀನಿನ ಅಡಮಾನ ಮೂವರ ಒಪ್ಪಿಗೆಯಿಂದ. ಮೂರನೆಯದು ನನ್ನ ಸಂಬಳ. ಸಂಸಾರದ ವ್ಯವಹಾರದಲ್ಲಿ ಹೆಂಗಸರ ದುಡಿಮೆಗೆ ಸಂಬಳ ಬರೆಯುವ ರೂಢಿ ನಮ್ಮಲ್ಲಿ ಕಡಿಮೆ, ಆದರೆ ಸಂಬಳವಿಲ್ಲದ ಹೊಣೆ ಕ್ರಮೇಣ ಋಣದ ಲೆಕ್ಕವಾಗಿ ಮನಸ್ಸಿನಲ್ಲಿ ಕುಳಿತುಬಿಡುತ್ತದೆ. ಕೊನೆಯದಾಗಿ, ನಾನು ಮಾಡದ ಕೆಲಸಗಳನ್ನೂ ಬರೆದೆವು. ಬಾಕಿ ವಸೂಲಿಗೆ ಬೆಂಗಳೂರಿಗೆ ಹೋಗುವುದು ನನ್ನಿಂದ ಆಗದು ಎಂದೆ; ಅದನ್ನು ನನ್ನ ಗಂಡ ವಹಿಸಿಕೊಂಡರು.

ಮನೆಯ ಪುಟಕ್ಕೆ ಕಾನೂನಿನ ಬಲವಿಲ್ಲ ಎಂಬುದನ್ನು ಮರೆಯಬೇಡಿ. ವ್ಯವಹಾರ ಹಿರಿಯರೊಬ್ಬರ ಹೆಸರಿನಲ್ಲೇ ಇದ್ದರೆ ಸಹಿ, ಪರವಾನಗಿ, ತೆರಿಗೆಯ ಹೊಣೆ ಎಲ್ಲವೂ ಅವರದೇ ಆಗಿರುತ್ತದೆ. ಪಾಲುದಾರಿಕೆ ಪತ್ರ ಮಾಡಿಸಬೇಕೋ ಅಧಿಕಾರ ಪತ್ರ ಸಾಕೋ ಎಂಬುದನ್ನು ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಕೇಳಿ ಬೇಗನೆ ಮುಗಿಸಿಕೊಳ್ಳಿ.

ಐದಾರು ಜನರಿದ್ದಾಗ ಎಲ್ಲ ಹಗುರವಾಗಿತ್ತು. ಬೆಳೆದಂತೆ ಏಕೆ ಹೀಗೆ ಒಮ್ಮೆಲೇ ಭಾರವಾಗುತ್ತದೆ?

ವ್ಯವಹಾರ ಆಗುಂಬೆ ಘಾಟಿಯ ತಿರುವುಗಳಂತೆ ಒಂದೊಂದು ಕಡೆ ತಟ್ಟನೆ ಮೇಲೇರುತ್ತದೆ. ಹತ್ತನೆಯ ಕೆಲಸಗಾರರು ಸೇರಿದಾಗ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಬರುತ್ತದೆ: ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರ ವಿಷಯದಲ್ಲಿ ಮಾಲೀಕರ ಪಾಲು ಶೇ. 3.25, ಕೆಲಸಗಾರರ ಪಾಲು ಶೇ. 0.75. ಇಪ್ಪತ್ತನೆಯವರು ಸೇರಿದಾಗ ಭವಿಷ್ಯನಿಧಿ (ಪಿಎಫ್) ಬರುತ್ತದೆ. ಇವೆರಡನ್ನೂ ಮರುತಿಂಗಳ 15ರೊಳಗೆ ಕಟ್ಟಬೇಕು. ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖುಗಳು ಬೇರೆ. 8 ಜನರನ್ನು ನೋಡಿಕೊಳ್ಳುತ್ತಿದ್ದ ಅದೇ ಮನುಷ್ಯರು 20ಕ್ಕೆ ಬಂದಾಗ ಇದ್ದಕ್ಕಿದ್ದಂತೆ ಕೈಲಾಗದವರಾಗಿಬಿಡುವುದಿಲ್ಲ. ಕೆಲಸದ ಬಗೆಯೇ ಬದಲಾಗಿರುತ್ತದೆ. ಇದು ತಿಳಿಯದೆ ನಾನು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಈ ತಾರೀಖುಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಗೋಡೆಯ ಪಂಚಾಂಗದ ಮೇಲೆ, ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಕೆಂಪು ಗುರುತು ಹಾಕಿ, ಅದನ್ನು ನೋಡುವ ಹೊಣೆಯನ್ನು ಲೆಕ್ಕ ಬರೆಯುವವರಿಗೆ ಕೊಡಿ. ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ತೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ ಎಂಬುದು ಆ ಮೂರು ದಿನಗಳಿಗೆ ಕಾರಣ.

ನಿನ್ನೆಯವರೆಗೆ ಜೊತೆಯಲ್ಲಿ ಕುಳಿತು ಕೆಲಸ ಮಾಡಿದವರಿಗೆ ಇಂದು ಹೇಗೆ ಅಪ್ಪಣೆ ಕೊಡಲಿ?

ನನಗೆ ಎಲ್ಲಕ್ಕಿಂತ ನೋವಾದದ್ದು ಇಲ್ಲಿಯೇ. ಮಸಾಲೆ ಅರೆಯುವ ಹೆಂಗಸರು ನನ್ನನ್ನು "ಅಕ್ಕಾ" ಎಂದು ಕರೆಯುತ್ತಿದ್ದರು. ಬೀಗದಕೈ ನನ್ನ ಸೊಂಟಕ್ಕೆ ಬಂದ ಮೇಲೆ ಒಬ್ಬೊಬ್ಬರಾಗಿ "ಮೇಡಂ" ಎನ್ನತೊಡಗಿದರು, ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಹಳೆಯ ಸಲಿಗೆಯನ್ನು ಉಳಿಸಿಕೊಳ್ಳಬೇಕೆಂದು ನಾನು ಯಾರಿಗೂ ಏನೂ ಹೇಳದೆ ಉಳಿದೆ. ತಡವಾಗಿ ಬಂದವರ ಕೆಲಸವನ್ನು ನಾನೇ ಮಾಡಿದೆ. ಹೀಗೆ ನುಂಗಿಕೊಂಡದ್ದೆಲ್ಲ ಒಂದು ಆಷಾಢದ ದಿನ ಹೊರಬಂತು. ಒದ್ದೆ ಸೌಟು ಹಾಕಿದ್ದರಿಂದ ಒಂದು ಡ್ರಮ್ ಉಪ್ಪಿನಕಾಯಿಗೆ ಬೂಷ್ಟು ಬಂದಿತ್ತು. ನನಗಿಂತ 20 ವರ್ಷ ದೊಡ್ಡವರಾದ, ಮಿಡಿಯ ವಾಸನೆಯಿಂದಲೇ ಅದರ ಊರು ಹೇಳಬಲ್ಲ ಹಿರಿಯ ಕೆಲಸಗಾರ್ತಿಯೊಬ್ಬರ ಮೇಲೆ ಎಲ್ಲರೆದುರು ಕೂಗಾಡಿಬಿಟ್ಟೆ. ಸೌಟು ಹಾಕಿದವರು ಅವರಾಗಿರಲಿಲ್ಲ.

ಮರುದಿನ ಎಲ್ಲರೆದುರೇ ಅವರ ಕ್ಷಮೆ ಕೇಳಿದೆ. ಒಂಟಿಯಾಗಿ ಕರೆದು ಕೇಳಿದ್ದರೆ ಅದು ನನ್ನ ಸಮಾಧಾನಕ್ಕೆ ಮಾತ್ರ ಆಗುತ್ತಿತ್ತು. ಆಮೇಲೆ ಎಲ್ಲರಿಗೂ ಒಂದು ಮಾತು ಹೇಳಿದೆ: "ಊಟದ ಹೊತ್ತಿನಲ್ಲಿ ನಾನು ನಿಮ್ಮ ಅಕ್ಕನೇ. ಕೆಲಸದ ಹೊತ್ತಿನಲ್ಲಿ ತಪ್ಪು ಕಂಡರೆ ಆಗಲೇ ಹೇಳುತ್ತೇನೆ, ಮೆಲ್ಲನೆ ಹೇಳುತ್ತೇನೆ, ನೀವೂ ನನಗೆ ಹಾಗೆಯೇ ಹೇಳಬೇಕು." ತಪ್ಪನ್ನು ಕಂಡ ದಿನವೇ, ಸಣ್ಣದಿರುವಾಗಲೇ ಹೇಳುವುದು ಕಲಿತ ಮೇಲೆ ಸಂಜೆಯ ತಲೆನೋವು ಬಹಳ ಕಡಿಮೆಯಾಯಿತು. ಎಲ್ಲರೂ ಮತ್ತೆ "ಅಕ್ಕಾ" ಎನ್ನಲಿಲ್ಲ. ಸ್ವಲ್ಪ ದೂರ ಉಳಿಯಿತು, ಅದನ್ನು ಒಪ್ಪಿಕೊಂಡಿದ್ದೇನೆ.

ಕೆಲಸ ಹಂಚಿದರೆ ಕೆಡುತ್ತದೆ. ನಾನೇ ಮಾಡಿದರೆ ಬೇಗ ಮುಗಿಯುತ್ತದೆ. ಇದಕ್ಕೇನು ಹೇಳುತ್ತೀರಿ?

ಮೊದಲ ಸಲಕ್ಕೆ ನಿಮ್ಮ ಮಾತು ನಿಜ. ಹತ್ತನೆಯ ಸಲಕ್ಕೆ ನಿಜವಲ್ಲ. ಯಕ್ಷಗಾನದ ಭಾಗವತರನ್ನು ನೆನೆಸಿಕೊಳ್ಳಿ. ರಾತ್ರಿಯಿಡೀ ಆಟವನ್ನು ನಡೆಸುವವರು ಅವರೇ. ಪದ್ಯ ಎತ್ತುವುದು, ತಾಳ ಹಿಡಿಯುವುದು, ಪ್ರಸಂಗವನ್ನು ಎಲ್ಲಿ ಎಳೆಯಬೇಕು ಎಲ್ಲಿ ಮುಗಿಸಬೇಕು ಎಂಬುದು ಅವರ ಕೈಯಲ್ಲಿದೆ. ಆದರೂ ಅವರು ಗೆಜ್ಜೆ ಕಟ್ಟಿ ಕುಣಿಯಲು ಇಳಿಯುವುದಿಲ್ಲ. ಅರ್ಥ ಹೇಳುವುದನ್ನು ವೇಷಧಾರಿಗಳಿಗೇ ಬಿಡುತ್ತಾರೆ.

ನಾನು ಮೊದಲು ಹಂಚಿದ್ದು ಖರೀದಿಯ ಗುಣಮಟ್ಟ ನೋಡುವ ಕೆಲಸವನ್ನು, ಅದೂ ನಾನು ಕೂಗಾಡಿದ ಆ ಹಿರಿಯರಿಗೆ. ಕೆಲಸ ಕೊಡುವಾಗ ಅಧಿಕಾರವನ್ನೂ ಕೊಡಬೇಕು ಎಂಬುದು ಆಗ ಅರ್ಥವಾಯಿತು. ತಂದ ಮಿಡಿಯನ್ನು ತಿರುಗಿ ಕಳುಹಿಸುವ ಮಾತು ಅವರದೇ, ಬೆಲೆ ಮುರಿಯುವ ಮಾತು ನನ್ನದು. ಒಮ್ಮೆ ಅವರು ಒಂದು ಗಾಡಿ ಮಿಡಿಯನ್ನು ಹಿಂದಕ್ಕೆ ಕಳಿಸಿದಾಗ ನನಗೆ ಒಪ್ಪಿಗೆಯಿರಲಿಲ್ಲ, ಸುಮ್ಮನಿದ್ದೆ. ಆ ಸುಮ್ಮನಿರುವಿಕೆ ಬಹಳ ಕಷ್ಟದ್ದು. ಅಲ್ಲಿ ಬಾಯಿ ಹಾಕಿದ್ದರೆ ಆ ಕೆಲಸ ಸಂಜೆಯೊಳಗೆ ಮತ್ತೆ ನನ್ನ ಮೇಜಿಗೆ ಬರುತ್ತಿತ್ತು.

ಸರಕು ಹೋಗಿದೆ, ಹಣ ಬಂದಿಲ್ಲ. ಬಟವಾಡೆಯ ದಿನ ಹತ್ತಿರ ಬಂದರೆ ಎದೆ ಬಡಿದುಕೊಳ್ಳುತ್ತದೆ. ಏನು ಮಾಡಲಿ?

ಈ ಒತ್ತಡಕ್ಕೆ ಧ್ಯಾನಕ್ಕಿಂತ ಮೊದಲು ಲೆಕ್ಕವೇ ಮದ್ದು. ನಮ್ಮ ಸರಕು ಕೊಳ್ಳುತ್ತಿದ್ದ ಒಬ್ಬ ದೊಡ್ಡ ವಿತರಕರು ಆರು ತಿಂಗಳು ಹಣ ಕೊಡದೆ ಸತಾಯಿಸಿದರು. ಕೇಳಿದರೆ ಮುಂದಿನ ಆರ್ಡರ್ ತಪ್ಪೀತೆಂಬ ಭಯದಲ್ಲಿ ನಾನು ಒಂದು ಪತ್ರವನ್ನೂ ಬರೆಯಲಿಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ನನ್ನಂಥವರಿಗಾಗಿಯೇ ಇದೆ ಎಂಬುದು ಆಮೇಲೆ ತಿಳಿಯಿತು. ಇಂಥ ಉದ್ಯಮಗಳಿಗೆಂದೇ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಇರುವ ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಕೊಂಡವರು ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ ಸೇರುತ್ತದೆ. ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಂಡವರು ಹಣ ಕೊಡುವವರೆಗೂ ತಮ್ಮ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮವೂ ಬಂದಿದೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ನಾವು ಈಗ ಪ್ರತಿ ಬಿಲ್ಲಿನಲ್ಲೂ ಆ ಸಂಖ್ಯೆಯನ್ನೂ ಹಣ ಕೊಡಬೇಕಾದ ದಿನವನ್ನೂ ಅಚ್ಚು ಹಾಕಿಸುತ್ತೇವೆ. ಜಗಳವಾಡದೆ ಕೇಳುವ ಧೈರ್ಯ ಆ ಒಂದು ಸಾಲಿನಿಂದ ಬಂದಿದೆ.

ಇದರ ಜೊತೆಗೆ ಒಂದು ತಿಂಗಳ ಬಟವಾಡೆಯಷ್ಟು ಹಣವನ್ನು ಬೇರೆ ಖಾತೆಯಲ್ಲಿಟ್ಟು, ಮಿಡಿಯ ಬೆಲೆ ಎಷ್ಟು ಆಸೆ ಹುಟ್ಟಿಸಿದರೂ ಅದನ್ನು ಮುಟ್ಟದೆ ಇರುವುದು ರೂಢಿಯಾಗಲಿ. ನಮಗೆ ಅದನ್ನು ಕೂಡಿಸಲು ಎರಡು ವರ್ಷ ಹಿಡಿಯಿತು.

ರಾತ್ರಿ ಎರಡೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಉಪಾಯವಿದೆಯೇ?

ಹಾಸಿಗೆಯ ಪಕ್ಕ ಒಂದು ಪುಸ್ತಕ ಮತ್ತು ಪೆನ್ನು ಇರಲಿ. ಕಾಡುತ್ತಿರುವುದನ್ನು ಒಂದು ಸಾಲಿನಲ್ಲಿ ಬರೆದು, ಅದರ ಮುಂದೆ "ನಾಳೆ ಇಷ್ಟು ಗಂಟೆಗೆ ಇಂಥವರನ್ನು ಕೇಳಬೇಕು" ಎಂದು ಬರೆಯಿರಿ. ಮೊಬೈಲಿನಲ್ಲಿ ಬರೆಯಬೇಡಿ, ಅದನ್ನು ತೆಗೆದರೆ ಬ್ಯಾಂಕಿನ ಸಂದೇಶವೂ ಕಣ್ಣಿಗೆ ಬೀಳುತ್ತದೆ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಜಗಲಿಯಲ್ಲಿ ಮಂದ ಬೆಳಕಿನಲ್ಲಿ ಕುಳಿತು, ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ನಿಧಾನ ಮಾಡಿ, ಕಣ್ಣು ಎಳೆದಾಗ ಮಲಗಿ. ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತು ಬದಲಾಗದಿರಲಿ. ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಕಾಫಿಯನ್ನು ಬಿಡಲು ನನಗೆ ಬಹಳ ಕಷ್ಟವಾಯಿತು, ಬಿಟ್ಟ ಮೇಲೆ ಗುಣ ಕಂಡಿತು.

ಹೊಗೆಸೊಪ್ಪು ಹಾಕಿದ ಕವಳ (ಎಲೆಯಡಿಕೆ) ಅಥವಾ ರಾತ್ರಿ ಸ್ವಲ್ಪ ಮದ್ಯ ಮನಸ್ಸನ್ನು ಹಗುರ ಮಾಡುತ್ತದಲ್ಲವೇ?

ಆ ಗಳಿಗೆಗೆ ಮಾಡಬಹುದು. ಮದ್ಯ ನಿದ್ದೆಯನ್ನು ಬೇಗ ತಂದರೂ ನಡುರಾತ್ರಿಯ ನಿದ್ದೆಯನ್ನು ಒಡೆಯುತ್ತದೆ, ಹೊಗೆಸೊಪ್ಪು ಎದೆಬಡಿತವನ್ನು ಏರಿಸುತ್ತದೆ. ಒತ್ತಡದ ದಿನಗಳಲ್ಲಿ ಇವುಗಳ ಪ್ರಮಾಣ ಏರುತ್ತಿದ್ದರೆ ಅದನ್ನೇ ಎಚ್ಚರಿಕೆಯೆಂದು ತಿಳಿಯಿರಿ.

ಇದು ಬರಿಯ ದಣಿವೋ, ಕಾಯಿಲೆಯೋ ಎಂದು ಹೇಗೆ ತಿಳಿಯಲಿ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ನಿಭಾಯಿಸಲಾಗದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದಿಂದ ಬರುವ ಸ್ಥಿತಿಯನ್ನು ಮೂರು ಲಕ್ಷಣಗಳಿಂದ ಗುರುತಿಸಿತು: ಶಕ್ತಿಯೆಲ್ಲ ಬತ್ತಿದಂಥ ದಣಿವು, ಕೆಲಸದ ಬಗ್ಗೆ ಮನಸ್ಸು ದೂರವಾಗಿ ಕಹಿಯಾಗುವುದು, ಮಾಡಿದ ಕೆಲಸದಿಂದ ಏನೂ ಆಗುತ್ತಿಲ್ಲವೆಂಬ ಭಾವನೆ. ಸಂಸ್ಥೆ ಇದನ್ನು ಕಾಯಿಲೆ ಎನ್ನದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಆದರೆ ಕೆಲಸದಿಂದ ದೂರವಿದ್ದಾಗಲೂ, ಮದುವೆ ಮನೆಯಲ್ಲೂ, ಮಕ್ಕಳ ಜೊತೆಯಲ್ಲೂ ಮನಸ್ಸು ಅರಳದೆ, ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಬೇಸರವೇ ತುಂಬಿದ್ದರೆ ಅದು ಖಿನ್ನತೆಯಾಗಿರಬಹುದು, ವೈದ್ಯರನ್ನು ಕಾಣಲೇಬೇಕು. ನಾನು ಹೋದದ್ದು ತಲೆನೋವಿಗೆಂದು. ರಕ್ತದೊತ್ತಡ 150/96 ಇತ್ತು, ಆ ಬಳಿಕ ವೈದ್ಯರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸುವಷ್ಟರಲ್ಲಿ ಅತ್ತುಬಿಟ್ಟೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ನಿಮ್ಮ ಊರಿನ ಹತ್ತಿರ ಯಾವ ದಿನ ಸಿಗುತ್ತದೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಪೇಟೆಗೆ ಹೋದರೆ ಯಾರಾದರೂ ನೋಡುತ್ತಾರೆಂಬ ಸಂಕೋಚವಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಶುಲ್ಕವಿಲ್ಲ, ಹಗಲಿರುಳೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡವೆಂಬ ಯೋಚನೆ ಒಮ್ಮೆ ಸುಳಿದಿದ್ದರೂ ಇಂದೇ ಕರೆ ಮಾಡಿ, ಮನೆಯ ಒಬ್ಬರಿಗಾದರೂ ಹೇಳಿ. ಎದೆನೋವು, ಎಡಗೈ ಸೆಳೆತ, ಬೆವರು ಒಟ್ಟಿಗೆ ಬಂದರೆ ಒತ್ತಡವೆಂದುಕೊಂಡು ಮಲಗಬೇಡಿ, 108ಕ್ಕೆ ಕರೆ ಮಾಡಿ.

ಮನೆಯೂ ಘಟಕವೂ ಒಂದೇ ಅಂಗಳದಲ್ಲಿವೆ. ಕೆಲಸ ಮುಗಿಯುವುದೇ ಇಲ್ಲ.

ನಮ್ಮದೂ ಹಾಗೆಯೇ. ಊಟದ ಎಲೆಯ ಮುಂದೆ ವ್ಯವಹಾರದ ಮಾತಿಲ್ಲ ಎಂಬ ಒಂದೇ ನಿಯಮವನ್ನು ಅತ್ತೆಯವರು ಮಾಡಿದರು. ಅವರ ಮಾತಾದ್ದರಿಂದ ನಡೆಯಿತು.

ಬಂದ ದೊಡ್ಡ ಆರ್ಡರನ್ನು ಬೇಡವೆನ್ನಬಹುದೇ? ಬೆಳೆಯದಿದ್ದರೆ ಹಿಂದೆ ಬಿದ್ದಂತಲ್ಲವೇ?

ಬೇಡವೆನ್ನಬಹುದು. ಮಿಡಿ ಮರಗಳು ಕಾಡಿನಲ್ಲೂ ಹೊಳೆದಂಡೆಯಲ್ಲೂ ಇರುವಷ್ಟೇ ಇವೆ. ಟೊಂಗೆ ಕಡಿದು ಮಿಡಿ ಇಳಿಸುವವರಿಂದ ಕೊಂಡು ನಾವು ಬೆಳೆದರೆ ಮುಂದಿನ ವರ್ಷಗಳಲ್ಲಿ ಯಾರಿಗೂ ಮಿಡಿಯಿಲ್ಲ. ಒಂದು ಆರ್ಡರ್‌ಗಾಗಿ ಹೊಸ ಸಾಲ, ಹೊಸ ಜನ, ಹೊಸ ಪರವಾನಗಿ ಮೂರೂ ಒಟ್ಟಿಗೆ ಬೇಕಾದರೆ ನಾನು ಒಂದು ವರ್ಷ ಕಾಯಲು ಕೇಳುತ್ತೇನೆ. ಹಾಗೆ ಕೇಳಿದ ಇಬ್ಬರಲ್ಲಿ ಒಬ್ಬರು ಕಾದರು.

ಎಲ್ಲ ಮಾಡಿ ನೋಡಿದೆ, ಆದರೂ ಇದು ನನ್ನ ಕೆಲಸವಲ್ಲ ಅನ್ನಿಸುತ್ತಿದೆ. ಬಿಟ್ಟುಬಿಟ್ಟರೆ ತಪ್ಪೇ?

ತಪ್ಪಲ್ಲ, ಆದರೆ ಹಂಗಾಮಿನ ನಡುವೆ, ಸಿಟ್ಟಿನ ದಿನ, ನಿದ್ದೆಗೆಟ್ಟ ವಾರದಲ್ಲಿ ಆ ತೀರ್ಮಾನ ಮಾಡಬೇಡಿ. ಬರೆದ ಅವಧಿ ಮುಗಿಯುವ ಆರು ತಿಂಗಳು ಮೊದಲೇ ಹೇಳಿ. ಮನೆಯವರಲ್ಲಿ ಯಾರೂ ಸಿದ್ಧವಿಲ್ಲದಿದ್ದರೆ ಸಂಬಳದ ವ್ಯವಸ್ಥಾಪಕರನ್ನು ನೇಮಿಸುವುದು, ಕೆಲಸಗಾರರಿಗೇ ಪಾಲು ಕೊಡುವುದು, ಕೊಳ್ಳುವವರನ್ನು ಹುಡುಕುವುದು, ಎಲ್ಲವನ್ನೂ ಮಾತಾಡಬಹುದು. ನಮ್ಮ ಎರಡು ಹಂಗಾಮು ಕಳೆದ ಏಪ್ರಿಲ್‌ಗೆ ಮುಗಿದವು. ಮತ್ತೆ ಭಾವನವರ ಕೋಣೆಯಲ್ಲೇ ಕುಳಿತೆವು. ಅವರು ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಇನ್ನೆರಡು ಹಂಗಾಮು ನಡೆಸುತ್ತೇನೆ ಎಂದು ನಾನೇ ಹೇಳಿದೆ, ಆ ಪುಟದಲ್ಲಿ ಹಣದ ಮಿತಿಯನ್ನು ಮಾತ್ರ ಸ್ವಲ್ಪ ಏರಿಸಿಕೊಂಡೆ.